ಮೆನು ಎಲ್ಲಿರಬೇಕು, ಎಲ್ಲಿರಬಾರದು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಎರಡು ಮೂರು ತಿಂಗಳು ನಮ್ಮಂಥವರ ಅಂಗಡಿಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ 14 ವರ್ಷಗಳಿಂದ ಆನ್‌ಲೈನ್ ಅರ್ಜಿ ತುಂಬಿಕೊಡುವ, ಪ್ರಿಂಟ್ ಮತ್ತು ಝೆರಾಕ್ಸ್ ತೆಗೆದುಕೊಡುವ ಸಣ್ಣ ಅಂಗಡಿಯೊಂದನ್ನು ನಾನು ನಡೆಸುತ್ತಿದ್ದೇನೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಹಾಸ್ಟೆಲ್ ಪ್ರವೇಶ, ವೃದ್ಧಾಪ್ಯ ವೇತನ, ಪಹಣಿ, ಬೆಳೆ ವಿಮೆ, ನೇಮಕಾತಿ ಪರೀಕ್ಷೆ ಎಂದು ದಿನಕ್ಕೆ ಹತ್ತಾರು ಜಾಲತಾಣಗಳನ್ನು ತೆರೆದು ಮುಚ್ಚುವುದೇ ನನ್ನ ಕಸುಬು. ಈ ತಾಣಗಳ ಬಗ್ಗೆ ಓದುಗರು ಬರೆಯುವ ದೂರುಗಳು ಬಹುಮಟ್ಟಿಗೆ ಎರಡೇ ಇರುತ್ತವೆ: ಸರ್ವರ್ ನಿಧಾನ, ಒಟಿಪಿ ಬರುವುದಿಲ್ಲ. ಎರಡೂ ನಿಜವೇ. ಆದರೆ ಹೊಸ ಸರ್ವರ್ ಕೊಳ್ಳದೆಯೇ ಸರಿಪಡಿಸಬಹುದಾದ ಮೂರನೆಯ ತೊಡಕೊಂದಿದೆ. ಅದನ್ನು ತೊಡಕೆಂದು ಗುರುತಿಸಿದವರನ್ನೇ ನಾನು ಕಂಡಿಲ್ಲ. ಜಾಲತಾಣದ ವಿಭಾಗಗಳ ಹೆಸರನ್ನು ಸಾಲಾಗಿ ತೋರಿಸುವ ಆ ಮೆನು ಯಾವ ಪುಟದಲ್ಲಿರಬೇಕು, ಪುಟದ ಯಾವ ಭಾಗದಲ್ಲಿರಬೇಕು, ಯಾವ ಪುಟದಲ್ಲಿ ಇರಲೇಬಾರದು ಎಂಬ ಪ್ರಶ್ನೆಯನ್ನು ತಾಣ ಕಟ್ಟುವಾಗ ಯಾರೂ ಕೇಳಿಕೊಂಡಂತೆ ಕಾಣುವುದಿಲ್ಲ. ಒಂದು ಮೆನು ಮಾಡಿ ಅದನ್ನೇ ಎಲ್ಲ ಪುಟಗಳ ನೆತ್ತಿಗೂ ಅಂಟಿಸಿಬಿಡುವುದು ರೂಢಿಯಾಗಿದೆ. ಈ ರೂಢಿಯಿಂದ ಜನರಿಗಾಗುವ ತೊಂದರೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಕಳೆದ ವರ್ಷ ಜೂನ್‌ನಲ್ಲಿ ನಮ್ಮ ಹೋಬಳಿಯ ಹಳ್ಳಿಯೊಂದರಿಂದ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದಳು. ಕೈಯಲ್ಲಿ ಅಣ್ಣನ ಫೋನು, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಅಂಕಪಟ್ಟಿ ಮತ್ತು ಬ್ಯಾಂಕ್ ಪಾಸ್‌ಬುಕ್. "ನಾನೇ ತುಂಬ್ತೀನಿ ಅಣ್ಣ, ಗೊತ್ತಾಗದಿದ್ದಾಗ ಹೇಳಿಕೊಡಿ ಸಾಕು" ಎಂದಳು. ನನಗೆ ಸಂತೋಷವಾಯಿತು, ಬೆಂಚಿನ ಮೇಲೆ ಕೂರಿಸಿ, ವಿದ್ಯಾರ್ಥಿವೇತನದ ಆ ತಾಣವನ್ನು ತೆರೆದುಕೊಟ್ಟೆ. ಅರ್ಜಿಯಲ್ಲಿ ಆರು ಹಂತ. ನಾಲ್ಕನೆಯ ಹಂತದಲ್ಲಿ ಬ್ಯಾಂಕ್ ವಿವರ ತುಂಬಬೇಕು. ಪರದೆಯ ಮೇಲ್ಭಾಗದಲ್ಲಿ ಲಾಂಛನ, ಅದರ ಪಕ್ಕದಲ್ಲಿ ಎರಡು ಸಾಲಿನಲ್ಲಿ ಇಲಾಖೆಯ ಹೆಸರು, ಅದರ ಕೆಳಗೆ ಎಂಟು ಹೆಸರುಗಳ ಮೆನು ಇದ್ದವು. ಪುಟವನ್ನು ಎಷ್ಟು ಸರಿಸಿದರೂ ಇವು ಅಲ್ಲಾಡದೆ ನಿಂತಿದ್ದವು. ಕೆಳಗಿನ ಅರ್ಧ ಪರದೆಯನ್ನು ಫೋನಿನ ಕೀಲಿಮಣೆ ಆವರಿಸಿತ್ತು. ಇವೆರಡರ ನಡುವೆ ಅವಳಿಗೆ ಕಾಣುತ್ತಿದ್ದದ್ದು ಎರಡು ಬೆರಳಗಲದ ಜಾಗ. ಖಾತೆ ಸಂಖ್ಯೆ ಬರೆದು ಐಎಫ್‌ಎಸ್‌ಸಿ ಕೋಡಿನ ಚೌಕಕ್ಕೆ ಹೋಗಲು ಪುಟವನ್ನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿದಳು. ಬೆರಳು ತಗುಲಿದ್ದು "ಮುಖಪುಟ" ಎಂಬ ಅಕ್ಷರಗಳಿಗೆ. ಕ್ಷಣದಲ್ಲಿ ಅರ್ಜಿ ಮಾಯವಾಗಿ ಮಂತ್ರಿಗಳ ಭಾವಚಿತ್ರವಿದ್ದ ಮೊದಲ ಪುಟ ಬಂತು. ಹಿಂದಿರುಗಿದರೆ ಮತ್ತೆ ಲಾಗಿನ್, ಮತ್ತೆ ಒಟಿಪಿ. ಎಲ್ಲ ದಾಟಿ ಬಂದರೆ ಮೊದಲ ಹಂತದ ಖಾಲಿ ಚೌಕಗಳು. ಮುಕ್ಕಾಲು ಗಂಟೆಯ ಕೆಲಸ ಹೋಗಿತ್ತು. ಎರಡನೆಯ ಸಲ ಪ್ರಯತ್ನಿಸಲು ಅವಳಿಗೆ ಧೈರ್ಯ ಬರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, "ನೀವೇ ತುಂಬಿಬಿಡಿ ಅಣ್ಣ, ನನ್ನ ಕೈಲಾಗಲ್ಲ" ಎಂದಳು.

ಅರ್ಜಿಯೊಂದಕ್ಕೆ ಇಷ್ಟು ಎಂದು ನಾನು ತೆಗೆದುಕೊಳ್ಳುವ ಹಣ ನನ್ನ ಸಂಸಾರ ನಡೆಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಾನೇ ಮಾಡಬಲ್ಲೆ ಎಂದು ಬಂದ ಹುಡುಗಿ ತನ್ನ ಕೈಲಾಗದು ಎಂದುಕೊಂಡು ಹೋಗುವಂತಾದಾಗ ಬರುವ ಹಣ ನನಗೆ ಬೇಕಿಲ್ಲ. ಅವಳಿಂದ ತಪ್ಪೇನೂ ಆಗಿರಲಿಲ್ಲ. ಆ ಪುಟದಲ್ಲಿ ಅವಳಿಗೆ ಯಾವ ರೀತಿಯಲ್ಲೂ ಬೇಕಿಲ್ಲದ ಎಂಟು ದಾರಿಗಳನ್ನು ಅವಳ ಬೆರಳಿನಡಿಯಲ್ಲಿ ತಂದಿಟ್ಟವರು ಯಾರೋ ಬೇರೆಯವರು.

ಜಾಲತಾಣಕ್ಕೆ ಬಂದವರು ಎರಡು ಬೇರೆ ಬೇರೆ ಮನಃಸ್ಥಿತಿಗಳಲ್ಲಿರುತ್ತಾರೆ. ಒಂದು, ತನ್ನ ಕೆಲಸ ಎಲ್ಲಿ ಆಗುತ್ತದೆ ಎಂದು ಹುಡುಕುತ್ತಿರುವ ಸ್ಥಿತಿ. ಇನ್ನೊಂದು, ಹುಡುಕಾಟ ಮುಗಿದು ಕೆಲಸಕ್ಕೆ ಕೂತಿರುವ ಸ್ಥಿತಿ. ಬಸ್ ನಿಲ್ದಾಣಕ್ಕೆ ಕಾಲಿಟ್ಟವನಿಗೆ ಯಾವ ಊರಿನ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆಂಬ ದೊಡ್ಡ ಫಲಕ ಬೇಕೇ ಬೇಕು. ಅವನು ಬಸ್ಸು ಹತ್ತಿ ಟಿಕೆಟ್ ತೆಗೆದುಕೊಳ್ಳುವಾಗ ಅದೇ ಫಲಕವನ್ನು ಅವನ ಮುಖದ ಮುಂದೆ ಹಿಡಿಯುವವರಿಲ್ಲ. ಮುಖಪುಟ, ಸೇವೆಗಳ ಪಟ್ಟಿಯಿರುವ ಪುಟ, ಯೋಜನೆಯೊಂದರ ಅರ್ಹತೆ ಮತ್ತು ದಾಖಲೆಗಳ ವಿವರವಿರುವ ಪುಟ, ಇವು ಹುಡುಕುವವರ ಪುಟಗಳು. ಇಲ್ಲಿ ಮೆನು ಎದ್ದು ಕಾಣುವಂತಿರಲಿ. ಲಾಗಿನ್, ಒಟಿಪಿ, ಅರ್ಜಿಯ ಒಂದೊಂದು ಹಂತ, ದಾಖಲೆಗಳ ಅಪ್‌ಲೋಡ್, ಹಣ ಪಾವತಿ, ಇವು ಕೆಲಸಕ್ಕೆ ಕೂತವರ ಪುಟಗಳು. ಇಲ್ಲಿಂದ ಮೆನುವನ್ನು ಪೂರ್ತಿಯಾಗಿ ತೆಗೆದುಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ನಾನು ಹೊಸದಾಗಿ ಕಂಡುಹಿಡಿದ ಮಾತೇನಲ್ಲ. ಸಾಮಾನು ಮಾರುವ ದೊಡ್ಡ ತಾಣಗಳಲ್ಲಿ ಹಣ ಕಟ್ಟುವ ಪುಟಕ್ಕೆ ಬಂದ ಕೂಡಲೇ ಅಂಗಡಿಯ ವಿಭಾಗಗಳ ಪಟ್ಟಿ ಮರೆಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಕೊಳ್ಳುವವನು ಆ ಹೊತ್ತಿನಲ್ಲಿ ಬೇರೆಡೆಗೆ ಹೋಗಿಬಿಟ್ಟರೆ ನಷ್ಟ ತಮಗೇ ಎಂದು ಅವರಿಗೆ ಗೊತ್ತು. ಸರ್ಕಾರಗಳ ಪೈಕಿ ಬ್ರಿಟನ್ನಿನದು ಒಳ್ಳೆಯ ಉದಾಹರಣೆ. ಅಲ್ಲಿ 2012ರಲ್ಲಿ ಇಲಾಖೆಗಳ ಚದುರಿದ ತಾಣಗಳನ್ನು ಒಂದೇ ವಿಳಾಸದಡಿ ತರುವ ಕೆಲಸ ಶುರುವಾಯಿತು. ಆ ತಾಣದಲ್ಲಿ ಅರ್ಜಿಯ ಪುಟಗಳಿಗೆ ಹೋದರೆ ಮೇಲ್ಗಡೆ ಸೇವೆಯ ಹೆಸರು, ಎಡಗಡೆ ಹಿಂದಿನ ಪುಟಕ್ಕೆ ಹೋಗುವ ಒಂದು ಕೊಂಡಿ, ಅದರ ಕೆಳಗೆ ನೇರವಾಗಿ ಪ್ರಶ್ನೆ ಇರುತ್ತದೆ. ಬಹಳ ಕಡೆ ಒಂದು ಪುಟಕ್ಕೆ ಒಂದೇ ಪ್ರಶ್ನೆ.

ಮೆನು ತೆಗೆದರೆ ಅರ್ಜಿದಾರರು ಸಿಕ್ಕಿಹಾಕಿಕೊಂಡಂತೆ ಆಗುವುದಿಲ್ಲವೇ ಎಂದು ತಾಣ ಕಟ್ಟುವ ಕೆಲಸದಲ್ಲಿರುವ ಪರಿಚಯದವರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಬಾಗಿಲುಗಳನ್ನೆಲ್ಲ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಅರ್ಜಿಯ ಪುಟದಲ್ಲಿ "6ರಲ್ಲಿ 4ನೇ ಹಂತ" ಎಂಬ ಸಾಲು ಇರಲಿ. "ಹಿಂದೆ" ಎಂಬ ಗುಂಡಿ ಇರಲಿ. "ಉಳಿಸಿ ಹೊರಡಿ" ಎಂಬ ಇನ್ನೊಂದು ಗುಂಡಿ ಇರಲಿ, ಅದನ್ನು ಒತ್ತಿದಾಗ ತುಂಬಿದ್ದು ನಿಜವಾಗಿಯೂ ಉಳಿಯಲಿ. ಸಹಾಯವಾಣಿಯ ಸಂಖ್ಯೆ ಪ್ರತಿ ಹಂತದಲ್ಲೂ ಅದೇ ಜಾಗದಲ್ಲಿ ಕಾಣಲಿ. ಲಾಂಛನವನ್ನು ಒತ್ತಿದರೆ ಮುಖಪುಟಕ್ಕೆ ಹೋಗುವ ವ್ಯವಸ್ಥೆ ಇರಲೇಬೇಕೆಂದಾದರೆ, ಹೋಗುವ ಮುನ್ನ "ತುಂಬಿದ ವಿವರ ಅಳಿಸಿಹೋಗುತ್ತದೆ, ಹೊರಡಬೇಕೆ?" ಎಂದು ಕನ್ನಡದಲ್ಲಿ ಒಮ್ಮೆ ಕೇಳಲಿ. ಇಷ್ಟಿದ್ದರೆ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಎಲ್ಲ ಪುಟಗಳಲ್ಲೂ ಮೆನು ಇರಬೇಕೆಂದು ನಿಯಮವೇ ಇದೆ ಎಂದು ಹೇಳುವವರೂ ಇದ್ದಾರೆ. ಜಾಲತಾಣಗಳು ಎಲ್ಲರ ಬಳಕೆಗೂ ಒದಗುವಂತಿರಬೇಕೆಂದು ಅಂತರ್ಜಾಲದ ಮಾನದಂಡಗಳನ್ನು ನಿಗದಿಪಡಿಸುವ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರೂಪಿಸಿರುವ, ಜಗತ್ತಿನ ಹಲವು ಸರ್ಕಾರಗಳು ಆಧಾರವಾಗಿಟ್ಟುಕೊಂಡಿರುವ ಮಾರ್ಗಸೂಚಿಯಲ್ಲಿ ಹಾಗೆ ಹೇಳಿಲ್ಲ. ಅದರಲ್ಲಿರುವುದು, ಹಲವು ಪುಟಗಳಲ್ಲಿ ಮತ್ತೆ ಮತ್ತೆ ಬರುವ ಮೆನು ಬಂದಲ್ಲೆಲ್ಲ ಅದೇ ಅನುಕ್ರಮದಲ್ಲಿ ಬರಬೇಕು ಎಂದು. ಪುಟವೊಂದನ್ನು ತಲುಪಲು ಒಂದಕ್ಕಿಂತ ಹೆಚ್ಚು ದಾರಿಗಳಿರಬೇಕೆಂದು ಹೇಳುವ ಇನ್ನೊಂದು ನಿಯಮವಂತೂ, ಹಂತ ಹಂತವಾಗಿ ನಡೆಯುವ ಕೆಲಸದ ನಡುವಿನ ಪುಟಗಳನ್ನು ತಾನಾಗಿಯೇ ಹೊರಗಿಟ್ಟಿದೆ. ಅರ್ಜಿಯ ನಾಲ್ಕನೆಯ ಹಂತಕ್ಕೆ ಹತ್ತು ದಾರಿಗಳ ಅಗತ್ಯವಿಲ್ಲವೆಂಬುದು ನಿಯಮ ಮಾಡಿದವರಿಗೂ ಹೊಳೆದಿದೆ ಎಂದಾಯಿತು. 2023ರ ಅಕ್ಟೋಬರ್‌ನಲ್ಲಿ ಬಂದ ಅದೇ ಮಾರ್ಗಸೂಚಿಯ 2.2ನೇ ಆವೃತ್ತಿಯಲ್ಲಿ ಸೇರಿದ ಹೊಸ ನಿಯಮಗಳಲ್ಲಿ ಎರಡು ಇಲ್ಲಿಗೆ ಸಂಬಂಧಿಸಿದವು: ಕೀಲಿಮಣೆಯಿಂದ ಚಲಿಸುತ್ತ ಬಂದವರು ನಿಂತಿರುವ ಚೌಕವನ್ನು ಮೇಲೆ ಅಂಟಿಕೊಂಡಿರುವ ಪಟ್ಟಿ ಪೂರ್ತಿ ಮುಚ್ಚಬಾರದು, ಮತ್ತು ಸಹಾಯದ ವಿವರ ಪುಟದಿಂದ ಪುಟಕ್ಕೆ ಜಾಗ ಬದಲಿಸಬಾರದು. ಆ ಹುಡುಗಿ ಪಟ್ಟ ಪಾಡಿಗೆ ಇದರಲ್ಲಿ ಅರ್ಧ ಉತ್ತರ ಸಿಗುತ್ತದೆ.

ಅರ್ಜಿ ಸಲ್ಲಿಕೆಯಾದ ಮೇಲೆ ಬರುವ ಸ್ವೀಕೃತಿಯ ಪುಟದಲ್ಲಿ ಇದಕ್ಕೆ ಸರಿ ವಿರುದ್ಧವಾದ ಕೊರತೆಯನ್ನು ಕಾಣುತ್ತೇನೆ. ಆರು ಹಂತಗಳಲ್ಲೂ ಬಿಡದೆ ಬೆನ್ನುಹತ್ತಿದ್ದ ಮೆನು, ನಿಜವಾಗಿ ಬೇಕಾದ ಇಲ್ಲಿ ಎಷ್ಟೋ ತಾಣಗಳಲ್ಲಿ ಇರುವುದೇ ಇಲ್ಲ. ಬಿಳಿಯ ಪುಟದ ನಡುವೆ ಒಂದು ಸಂಖ್ಯೆ, ಅದರ ಕೆಳಗೆ "ಯಶಸ್ವಿಯಾಗಿ ಸಲ್ಲಿಸಲಾಗಿದೆ" ಎಂಬ ವಾಕ್ಯ, ಮುಗಿಯಿತು. ಸ್ಥಿತಿ ಎಲ್ಲಿ ನೋಡಬೇಕು, ತಿದ್ದುಪಡಿಗೆ ಅವಕಾಶವಿದೆಯೇ, ತಂಗಿಯ ಅರ್ಜಿಯನ್ನೂ ಹಾಕಬೇಕಾದರೆ ಎಲ್ಲಿಗೆ ಹೋಗಬೇಕು, ಯಾವುದಕ್ಕೂ ಕೊಂಡಿ ಇಲ್ಲ. ಕೆಲಸ ಮುಗಿದವನು ಮತ್ತೆ ಹುಡುಕುವವನಾಗುತ್ತಾನೆ; ಅವನಿಗೆ ಅಲ್ಲಿಯೇ ಮೆನು ಮರಳಿ ಸಿಗಬೇಕು. "ಪುಟ ದೊರೆಯಲಿಲ್ಲ", "ಸಮಯ ಮೀರಿದೆ" ಎಂಬ ಸೂಚನೆ ಬರುವ ಪುಟಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದಾರಿ ತಪ್ಪಿದವನ ಎದುರಿಗೇ ದಾರಿಯ ಫಲಕವಿಲ್ಲದಿದ್ದರೆ ಅದು ಇನ್ನಾರಿಗಾಗಿ?

ಇನ್ನೊಂದು ಸಂಗತಿಯನ್ನು ತಾಣ ಕಟ್ಟುವವರು ಮರೆಯುತ್ತಾರೆ. ಮುಖಪುಟದ ಬಾಗಿಲಿನಿಂದಲೇ ಎಲ್ಲರೂ ಒಳಗೆ ಬರುತ್ತಾರೆಂದು ಅವರು ಎಣಿಸಿದಂತಿದೆ. ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ವಾಟ್ಸ್ಯಾಪ್‌ನಲ್ಲಿ ಯಾರೋ ಕಳಿಸಿದ ಕೊಂಡಿಯನ್ನು ಹಿಡಿದು ಬರುತ್ತಾರೆ, ಇಲ್ಲವೇ ಗೂಗಲ್‌ನಲ್ಲಿ ಹುಡುಕಿ ನೇರವಾಗಿ ಒಳಗಿನ ಯಾವುದೋ ಪುಟದಲ್ಲಿ ಇಳಿಯುತ್ತಾರೆ. ಅವರಿಗೆ ತಾವು ಎಲ್ಲಿದ್ದೇವೆಂದೇ ತಿಳಿಯುವುದಿಲ್ಲ. ಹೀಗಾಗಿ ಮಾಹಿತಿಯ ಪ್ರತಿಯೊಂದು ಪುಟದಲ್ಲೂ ಮೆನುವಿನ ಜೊತೆಗೆ, ಶೀರ್ಷಿಕೆಯ ಮೇಲೆಯೇ, "ಮುಖಪುಟ › ವಿದ್ಯಾರ್ಥಿವೇತನ › ಪದವಿ ವಿದ್ಯಾರ್ಥಿಗಳು" ಎಂಬಂತೆ ಬಂದ ದಾರಿಯನ್ನು ತೋರಿಸುವ ಒಂದು ಸಾಲು ಇರಬೇಕು. ಸುತ್ತೋಲೆಯನ್ನು ಪಿಡಿಎಫ್ ಆಗಿ ಹಾಕಿ ಕೈತೊಳೆದುಕೊಂಡರೆ ಈ ಅನುಕೂಲವೂ ಇಲ್ಲ; ಪಿಡಿಎಫ್‌ಗೆ ಮೆನು ಇರುವುದಿಲ್ಲ, ಅಲ್ಲಿಗೆ ದಾರಿ ನಿಂತೇಹೋಗುತ್ತದೆ.

ಫೋನಿನ ಪರದೆಯಲ್ಲಿ ಮೆನುವನ್ನು ಮೂಲೆಯ ಮೂರು ಗೆರೆಗಳ ಹಿಂದೆ ಬಚ್ಚಿಡುವುದು ಈಗ ಎಲ್ಲೆಡೆಯ ಪದ್ಧತಿ. ಆ ಚಿಹ್ನೆ ಹೊಸದಲ್ಲ. 1981ರಲ್ಲಿ ಬಂದ ಝೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರರು ಅದನ್ನು ಬರೆದರು, ಪಟ್ಟಿಯೊಂದು ಒಳಗಿದೆ ಎಂದು ಸೂಚಿಸುವುದಕ್ಕೆ. ಸ್ಮಾರ್ಟ್‌ಫೋನ್ ಬಂದ ಮೇಲೆ, ಜಾಗ ಸಾಲದೆಂದು, ಅದು ಎಲ್ಲ ತಾಣಗಳಿಗೂ ಹಬ್ಬಿತು. "ಮೇಲೆ ಮೂರು ಗೆರೆ ಇದೆ ನೋಡಿ, ಅದನ್ನು ಒತ್ತಿ" ಎಂಬ ಮಾತನ್ನು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಟ್ಟಿಲ್ಲ. ಐವತ್ತು ದಾಟಿದವರಿಗೆ ಅದು ಪರದೆಯ ಮೇಲಿನ ಒಂದು ಅಲಂಕಾರವಾಗಿ ಕಾಣುತ್ತದೆ. ಒತ್ತಬೇಕಾದ ಗುಂಡಿ ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಜಾಲತಾಣಗಳ ಬಳಕೆ ಜನರಿಗೆ ಎಷ್ಟು ಸುಲಭ ಎಂದು ಅಧ್ಯಯನ ಮಾಡುವುದರಲ್ಲಿ ಹೆಸರಾದ ನೀಲ್ಸನ್ ನಾರ್ಮನ್ ಗ್ರೂಪ್ ಎಂಬ ಸಂಸ್ಥೆ 2016ರಲ್ಲಿ 6 ತಾಣಗಳನ್ನು 179 ಜನರ ಕೈಯಲ್ಲಿ ಬಳಸಿ ನೋಡಿಸಿ, ಮುಖ್ಯ ಮೆನುವನ್ನು ಹೀಗೆ ಮರೆಮಾಡಿದರೆ ಬೇಕಾದದ್ದು ಕಣ್ಣಿಗೆ ಬೀಳುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ವರದಿ ಮಾಡಿತ್ತು. ನಮ್ಮ ಹೋಬಳಿಯ ಮಟ್ಟದಲ್ಲಿ ನಾನು ಕಾಣುವುದಕ್ಕೂ ಅದಕ್ಕೂ ವ್ಯತ್ಯಾಸವೇನೂ ಇಲ್ಲ.

ಹಾಗಾದರೆ ಎಲ್ಲಿಡಬೇಕು? ಜನ ಬರುವುದೇ ನಾಲ್ಕೈದು ಕೆಲಸಗಳಿಗಾಗಿ: ಹೊಸ ಅರ್ಜಿ, ಅರ್ಜಿಯ ಸ್ಥಿತಿ, ಪ್ರಮಾಣಪತ್ರದ ಪ್ರಿಂಟ್, ತಿದ್ದುಪಡಿ, ಸಹಾಯ. ಇವನ್ನು ಮುಖಪುಟದಲ್ಲಿ ಯಾವ ಚಿಹ್ನೆಯ ಹಿಂದೆಯೂ ಅಡಗಿಸದೆ, ಭಾವಚಿತ್ರಗಳಿಗಿಂತ ಮೇಲೆ, ಒಂದರ ಕೆಳಗೊಂದು ದೊಡ್ಡಕ್ಷರದಲ್ಲಿ ಬರೆದರೆ ಸಾಕು. ಮಾಹಿತಿಯ ಉಳಿದ ಪುಟಗಳಲ್ಲಿ ಮೆನು ಪರದೆಯ ಕೆಳಗಿರಲಿ. ಫೋನನ್ನು ಒಂದೇ ಕೈಯಲ್ಲಿ ಹಿಡಿದವರ ಹೆಬ್ಬೆರಳು ಸುಲಭವಾಗಿ ಮುಟ್ಟುವುದು ಪರದೆಯ ಕೆಳಭಾಗವನ್ನು. ಆ್ಯಪ್‌ಗಳನ್ನು ಮಾಡುವವರು ಇದನ್ನು ಅರಿತಿರುವುದರಿಂದಲೇ ಅವುಗಳ ಮುಖ್ಯ ಗುಂಡಿಗಳು ಕೆಳಗಿರುತ್ತವೆ. ಕೆಳಗಿನ ಪಟ್ಟಿಯಲ್ಲಿ ಮೂರಕ್ಕಿಂತ ಕಡಿಮೆ, ಐದಕ್ಕಿಂತ ಹೆಚ್ಚು ಗುಂಡಿಗಳು ಬೇಡವೆಂದು ಗೂಗಲ್‌ನ ವಿನ್ಯಾಸ ಸೂಚಿಯೇ ಹೇಳುತ್ತದೆ. ಮೂರು ಗೆರೆಗಳು ಇರಲೇಬೇಕೆಂದರೆ ಅವುಗಳ ಪಕ್ಕದಲ್ಲಿ "ಮೆನು" ಎಂಬ ಎರಡಕ್ಷರವನ್ನಾದರೂ ಬರೆಯಲಿ. ಮೌಸ್ ತಾಗಿದರೆ ತೆರೆದು, ಸರಿದರೆ ಮುಚ್ಚಿಕೊಳ್ಳುವ ಒಳಮೆನುಗಳನ್ನಂತೂ ಕೈಬಿಡುವುದೇ ಲೇಸು. ಫೋನಿನಲ್ಲಿ ಮೌಸೇ ಇಲ್ಲ. ಕಂಪ್ಯೂಟರಿನಲ್ಲೂ ಕೈ ನಡುಗುವ ಹಿರಿಯರು ಒಳಪಟ್ಟಿಯ ಕಡೆಗೆ ಓರೆಯಾಗಿ ಸಾಗುವಷ್ಟರಲ್ಲಿ ಬಾಣದ ಗುರುತು ಪಕ್ಕದ ಹೆಸರಿಗೆ ತಾಗಿ, ಬೇಕಿದ್ದ ಪಟ್ಟಿ ಮುಚ್ಚಿ ಬೇಡವಾದದ್ದು ತೆರೆದುಕೊಳ್ಳುತ್ತದೆ.

ಮೆನುವಿನ ಜಾಗದ ಪ್ರಶ್ನೆಗೆ ಕನ್ನಡದ್ದೇ ಆದ ಒಂದು ಮುಖವಿದೆ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಬೇಡುತ್ತೇನೆ. ಬಹುತೇಕ ತಾಣಗಳನ್ನು ಮೊದಲು ಇಂಗ್ಲಿಷಿನಲ್ಲಿ ಕಟ್ಟಿ, ಆಮೇಲೆ ಕನ್ನಡ ತುಂಬುತ್ತಾರೆ. ಇಂಗ್ಲಿಷಿನಲ್ಲಿ ಮೂರಕ್ಷರದಲ್ಲಿ ಮುಗಿಯುವ "ಎಫ್‌ಎಕ್ಯೂ", ಕನ್ನಡದಲ್ಲಿ "ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು" ಎಂದಾಗುತ್ತದೆ. "ಆರ್‌ಟಿಐ" ಎಂಬುದು "ಮಾಹಿತಿ ಹಕ್ಕು ಅಧಿನಿಯಮ" ಆಗುತ್ತದೆ. ಇಂಗ್ಲಿಷಿನಲ್ಲಿ ಒಂದು ಸಾಲಿಗೆ ಅಚ್ಚುಕಟ್ಟಾಗಿ ಕೂತಿದ್ದ ಎಂಟು ಹೆಸರುಗಳು ಕನ್ನಡಕ್ಕೆ ಬಂದಾಗ ಮೂರು ಸಾಲಾಗಿ ಕೆಳಗಿನ ಪ್ರಕಟಣೆಯ ಮೇಲೆ ಹತ್ತಿ ಕೂರುತ್ತವೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಬಿಗಿದಿದ್ದರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. "ಅರ್ಜಿಯ ಸ್ಥಿತಿ" ಎಂಬುದು "ಅರ್ಜಿಯ ಸಿತಿ" ಎಂದೂ, "ಪಟ್ಟಿ" ಎಂಬುದು "ಪಟಿ" ಎಂದೂ ಕಾಣುವ ಮೆನುಗಳನ್ನು ನಾನು ನಿತ್ಯ ನೋಡುತ್ತೇನೆ. ಇದಕ್ಕೆ ಪರಿಹಾರವೆಂದು ಕೆಲವರು ಕನ್ನಡದ ಅಕ್ಷರವನ್ನೇ ಚಿಕ್ಕದು ಮಾಡುತ್ತಾರೆ. ಚಿಕ್ಕದು ಮಾಡಬೇಕಾದದ್ದು ಅಕ್ಷರವನ್ನಲ್ಲ ಎಂದು ನನ್ನ ವಿನಂತಿ. ಕನ್ನಡದ ಮೆನು ನೆತ್ತಿಯ ಮೇಲಿನ ಅಡ್ಡಪಟ್ಟಿಗೆ ಹೊಂದುವುದು ಕಷ್ಟ. ಪುಸ್ತಕದ ಪರಿವಿಡಿಯಂತೆ ಮೇಲಿನಿಂದ ಕೆಳಕ್ಕೆ, ಒಂದು ಸಾಲಿಗೆ ಒಂದು ಹೆಸರಿನಂತೆ ಬರೆದಾಗ ಅದು ಮೈಚಾಚಿ ಕೂರುತ್ತದೆ. ಕಂಪ್ಯೂಟರಿನ ಅಗಲ ಪರದೆಯಲ್ಲಿ ಎಡಬದಿಯ ಕಂಬಸಾಲು, ಫೋನಿನಲ್ಲಿ ಪುಟದ ಮೈಯಲ್ಲೇ ಒಂದು ಪಟ್ಟಿ, ಇವೆರಡೂ ನಮ್ಮ ಲಿಪಿಗೆ ಒಪ್ಪುವ ಜಾಗಗಳು. ಕಾಯ್ದೆ, ನಿಯಮ, ಸುತ್ತೋಲೆಗಳಂಥ ಉದ್ದನೆಯ ಓದಿನ ಪುಟಗಳಿಗೆ ಎಡಬದಿಯ ಮೆನುವಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಭಾಷೆ ಬದಲಿಸುವ ಗುಂಡಿ ಕೂಡ ಮೆನುವಿನ ಭಾಗವೇ. ಅದು ಮೇಲ್ಗಡೆ ಬಲ ಮೂಲೆಯಲ್ಲಿ, ಅಕ್ಷರದ ಗಾತ್ರ ಹೆಚ್ಚುಕಡಿಮೆ ಮಾಡುವ ಗುರುತುಗಳ ನಡುವೆ ಹುದುಗಿರುತ್ತದೆ. ಹುಡುಕಿ ಒತ್ತಿದರೆ, ಓದುತ್ತಿದ್ದ ಪುಟದ ಕನ್ನಡ ರೂಪ ಬರುವ ಬದಲು ಮುಖಪುಟ ಬರುತ್ತದೆ. ಪುಟ ಕನ್ನಡವಾದರೂ ಮೆನು ಇಂಗ್ಲಿಷಿನಲ್ಲೇ ಉಳಿದಿರುವುದೂ ಉಂಟು. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದಿಂದ ಕನ್ನಡವನ್ನು ಆಡಳಿತ ಭಾಷೆಯಾಗಿಸಿಕೊಂಡ ರಾಜ್ಯದಲ್ಲಿ, ತಾಣ ತೆರೆದ ಕೂಡಲೇ ಕನ್ನಡ ಕಾಣಿಸಿ, ಇಂಗ್ಲಿಷ್ ಬೇಕಾದವರು ಗುಂಡಿ ಹುಡುಕುವಂತಿರಬೇಕು.

ನಮ್ಮ ಊರಿನ ಯುವಕರೊಬ್ಬರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾರೆ. ಅವರಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ತಮ್ಮ ಲ್ಯಾಪ್‌ಟಾಪ್ ತಂದುಕೊಂಡು, ನನ್ನ ಅಂಗಡಿಯ ಇಂಟರ್‌ನೆಟ್ ಬಳಸಿ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮೂಲಕ ಅರ್ಜಿಗಳನ್ನು ತಾವೇ ತುಂಬುತ್ತಾರೆ. ಪರದೆಯ ಮೇಲಿನದನ್ನು ಓದಿ ಹೇಳುವ ಈ ತಂತ್ರಾಂಶ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು, ತಾವೂ ದೃಷ್ಟಿಯಿಲ್ಲದವರು, ಇದನ್ನು ರೂಪಿಸಿದರು. ಒಂದು ದಿನ ಅಂಗಡಿ ಖಾಲಿಯಿದ್ದಾಗ ನಾನು ಅವರ ಪಕ್ಕದಲ್ಲಿ ಕೂತು, ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟುಕೊಂಡೆ. ಅವರು ಟ್ಯಾಬ್ ಕೀಲಿ ಒತ್ತುತ್ತ ಹೋದರು. ಮುಖಪುಟ, ನಮ್ಮ ಬಗ್ಗೆ, ಸಚಿವರು, ಅಧಿಕಾರಿಗಳು, ಸಂಘಟನಾ ರಚನೆ, ಟೆಂಡರ್, ಛಾಯಾಚಿತ್ರ ಸಂಪುಟ ಎಂದು ಧ್ವನಿ ಹೇಳುತ್ತಲೇ ಹೋಯಿತು. ಹೆಸರು ಬರೆಯುವ ಮೊದಲ ಚೌಕ ಬಂದದ್ದು 43 ಕೊಂಡಿಗಳು ಮುಗಿದ ಮೇಲೆ. ಮುಂದಿನ ಹಂತಕ್ಕೆ ಹೋದಾಗ ಮತ್ತೆ ಮೊದಲಿನಿಂದ 43. "ನೀವು ಕಣ್ಣಲ್ಲೇ ದಾಟಿಬಿಡ್ತೀರಿ ಸರ್, ನಾನು ಇದು ಹೇಳಿ ಮುಗಿಸೋವರೆಗೂ ಕಾಯಬೇಕು" ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಅಭ್ಯಾಸವಾಗಿಹೋಗಿತ್ತು. ಆ ತಾಣದಲ್ಲಿ "ಮುಖ್ಯ ವಿಷಯಕ್ಕೆ ಹೋಗಿ" ಎಂಬ ಕೊಂಡಿಯೂ ಇತ್ತು. ಒತ್ತಿದರೆ ಅದು ಮೆನುವಿನ ಆರಂಭಕ್ಕೇ ಕರೆದೊಯ್ಯುತ್ತಿತ್ತು; ಯಾರೂ ಪರೀಕ್ಷಿಸಿ ನೋಡಿಲ್ಲವೆಂಬುದು ಸ್ಪಷ್ಟ.

ಮರುಕಳಿಸುವ ಭಾಗವನ್ನು ದಾಟಿ ಹೋಗಲು ಉಪಾಯವಿರಲೇಬೇಕು ಎಂಬುದು ಆಗಲೇ ಹೇಳಿದ ಮಾರ್ಗಸೂಚಿಯಲ್ಲಿ 2008ರಿಂದಲೂ ಇರುವ ತೀರ ಪ್ರಾಥಮಿಕ ಮಟ್ಟದ ನಿಯಮ. ಭಾರತ ಸರ್ಕಾರದ ಜಾಲತಾಣಗಳಿಗೆಂದು ಕೇಂದ್ರ ಸರ್ಕಾರದ್ದೇ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ರೂಪಿಸಿದ ಮಾರ್ಗಸೂಚಿ 2009ರಲ್ಲಿ ಮೊದಲು ಬಂದು, 2018ರಲ್ಲಿ ಪರಿಷ್ಕೃತವಾಗಿ, 2023ರಲ್ಲಿ ಮೂರನೆಯ ಆವೃತ್ತಿಯನ್ನೂ ಕಂಡಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಅಡಕವಾಗಿದೆ ಎಂದು ಹೇಳಿದೆ. ಇಷ್ಟಾದರೂ ಆ ಯುವಕರು ಒಂದು ಅರ್ಜಿಗಾಗಿ ಆರು ಸಲ 43 ಕೊಂಡಿಗಳನ್ನು ಕೇಳುತ್ತ ಕೂರಬೇಕಾಗಿದೆ. ಅರ್ಜಿಯ ಹಂತಗಳಿಂದ ಮೆನುವನ್ನು ತೆಗೆದರೆ ಇದೆಲ್ಲ ಒಂದೇ ಏಟಿಗೆ ಇಲ್ಲವಾಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಮಾಹಿತಿಯ ಪುಟಗಳಲ್ಲಿ ಉಳಿಯುವ ಮೆನುವಿಗೆ, ಇದು ಮುಖ್ಯ ಮೆನು, ಇದು ಪುಟದ ಅಡಿಯ ಮೆನು ಎಂದು ತಂತ್ರಾಂಶಕ್ಕೆ ತಿಳಿಯುವ ಹೆಸರು ಕೊಟ್ಟರೆ, ಬೇಕಾದವರು ಒಂದೇ ಕೀಲಿಯಿಂದ ಅದನ್ನು ಹಾರಿ ಹೋಗುತ್ತಾರೆ.

ಪ್ರಿಂಟ್ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ನಮ್ಮಂಥ ಅಂಗಡಿಯವರಲ್ಲದೆ ಬೇರೆಯವರು ಹೇಳಲಿಕ್ಕಿಲ್ಲ. ಸ್ವೀಕೃತಿಯನ್ನು ಪ್ರಿಂಟ್ ಕೊಟ್ಟಾಗ ಮೊದಲ ಹಾಳೆಯ ತುಂಬ ಮೆನುವಿನ ಹೆಸರುಗಳು ಒಂದರ ಕೆಳಗೊಂದು ಬಂದು, ಅರ್ಜಿಯ ಸಂಖ್ಯೆ ಎರಡನೆಯ ಹಾಳೆಗೆ ಹೋಗುತ್ತದೆ. ಹಣ ಕೊಡುವವರು ಕೂಲಿ ಬಿಟ್ಟು ಬಂದವರು. ಎರಡು ಹಾಳೆಯ ಹಣ ಕೇಳಲು ನನಗೆ ಬಾಯಿ ಬರುವುದಿಲ್ಲ. ಪರದೆಗೆ ಒಂದು ರೂಪ, ಹಾಳೆಗೆ ಇನ್ನೊಂದು ರೂಪ ಎಂದು ಸೂಚಿಸುವ ಸೌಲಭ್ಯ ಜಾಲಪುಟಗಳ ಭಾಷೆಯಲ್ಲಿ 1998ರಿಂದಲೂ ಇದೆ. ಹಾಳೆಯ ಮೇಲೆ ಮೆನುವನ್ನು ಒತ್ತಿ ಎಲ್ಲಿಗೂ ಹೋಗಲಾಗದು, ಅಲ್ಲಿ ಅದನ್ನು ಅಡಗಿಸಲು ಒಂದೆರಡು ಸಾಲಿನ ಸೂಚನೆ ಸಾಕು.

ಮಾಹಿತಿ ಹಕ್ಕು ಅಧಿನಿಯಮ 2005ರ 4(1)(ಬಿ) ಪ್ರಕಾರ ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕಾದ ವಿವರ, ಟೆಂಡರ್, ಛಾಯಾಚಿತ್ರ, ಅಧಿಕಾರಿಗಳ ಪಟ್ಟಿ ಇವೆಲ್ಲ ತಾಣದಲ್ಲಿ ಇರಲೇಬೇಕು, ಇರಲಿ. ಪುಟದ ಅಡಿಯಲ್ಲಿ, ಮಾಹಿತಿಯ ಎಲ್ಲ ಪುಟಗಳಲ್ಲೂ ಅದೇ ಅನುಕ್ರಮದಲ್ಲಿ ಇದ್ದರೆ ಬೇಕಾದವರು ಅಲ್ಲಿಗೆ ಹೋಗಿ ನೋಡುತ್ತಾರೆ.

ಆದ್ದರಿಂದ ರಾಜ್ಯದ ಇಲಾಖೆಗಳಲ್ಲಿ ಜಾಲತಾಣಗಳ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಇಷ್ಟು. ತಾಣ ಕಟ್ಟುವ ಗುತ್ತಿಗೆಯ ಕರಾರಿನಲ್ಲಿ, ಯಾವ ಪುಟದಲ್ಲಿ ಯಾವ ಮೆನು ಎಂಬುದನ್ನು ಪುಟವಾರು ಬರೆದುಕೊಡಬೇಕೆಂಬ ಒಂದು ಷರತ್ತನ್ನು ಸೇರಿಸಿ. ಒಪ್ಪಿಕೊಳ್ಳುವ ಮುನ್ನ ಕನ್ನಡದ ಪುಟವನ್ನು ಅಗ್ಗದ ಫೋನೊಂದರಲ್ಲಿ, ಕೀಲಿಮಣೆ ತೆರೆದಿರುವಾಗ, ಒಮ್ಮೆ ನೋಡಿ. ದೃಷ್ಟಿಯಿಲ್ಲದ ಒಬ್ಬರಿಗೆ ತಕ್ಕ ಸಂಭಾವನೆ ಕೊಟ್ಟು, ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ತುಂಬಲು ಹೇಳಿ. ನೋಡಲು ಬೇರೆ ಜಾಗ ಸಿಗದಿದ್ದರೆ ಬರುವ ಜೂನ್‌ನಲ್ಲಿ ಯಾವುದೇ ದಿನ ಬೆಳಿಗ್ಗೆ 11ರಿಂದ 2ರವರೆಗೆ ನನ್ನ ಅಂಗಡಿಗೆ ಬನ್ನಿ. ಆ ಹುಡುಗಿ ಕೂತಿದ್ದ ಬೆಂಚು ಅಲ್ಲೇ ಇದೆ, ಅಂಥವರು ದಿನಕ್ಕೆ ಮೂವತ್ತು ನಲವತ್ತು ಮಂದಿ ಅಲ್ಲಿ ಕೂತಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಆನ್‌ಲೈನ್ ಅರ್ಜಿ ಕೇಂದ್ರ ನಡೆಸುವ ಓದುಗ,
ತುಮಕೂರು ಜಿಲ್ಲೆ